ದಂಡಕ ಮುಗಿಯುವವರೆಗೆ

ನಾನು ಪೂಜೆ ಮುಗಿಸಿ ತೀರ್ಥದ ಬಟ್ಟಲನ್ನು ಮುಚ್ಚುತ್ತಿದ್ದೆ. ಮೊಮ್ಮಗಳು ದೇವರಮನೆಯ ಹೊಸಿಲಾಚೆ ನಿಂತು, ಭೂತವನ್ನು ಓಡಿಸುವಂಥ ಮಂತ್ರವೊಂದು ಬೇಕು ಎಂದಳು.

"ಯಾರ್ಗಮ್ಮಾ ಬೂತ ಇಡ್ದಿರೋದು?"

"ಯಾರ್ಗೂ ಇಲ್ಲ ತಾತಾ. ನಮ್ಮ ಪಡಕ್ಕೆ."

ಸಿನಿಮಾವನ್ನು ನಮ್ಮ ಮನೆಯ ಮಕ್ಕಳು ತಮಿಳಿನ ಮಾತಿನಲ್ಲಿ ಪಡ ಎಂದೇ ಕರೆಯುತ್ತಾರೆ. ಅವಳೂ ಅವಳ ತಮ್ಮನೂ ಸೇಲಂ ಪಟ್ಟಣದ ಕಾಲೇಜಿನಲ್ಲಿ ಓದುವವರು. ಇಬ್ಬರೇ ಸೇರಿ ಫೋನಿನಲ್ಲಿ ಒಂದು ಹೆದರಿಕೆಯ ಚಿತ್ರ ತೆಗೆಯಲು ಹೊರಟಿದ್ದರು. ಕಥೆಯೂ ಅವರದೇ. ಏರ್ಕಾಡಿನ ಕಾಫಿ ತೋಟದಲ್ಲಿ ಕಾಣೆಯಾದ ತಂದೆಯನ್ನು ಹುಡುಕಿಕೊಂಡು ಅಕ್ಕ ತಮ್ಮ ಹೋಗುತ್ತಾರೆ. ಹಾಳುಬಿದ್ದ ಗೋದಾಮಿನಲ್ಲಿ ವಿಕಾರವಾದ ಮೃಗವೊಂದು ಅವರನ್ನು ಅಡ್ಡಗಟ್ಟುತ್ತದೆ. ಕಡೆಗೆ ಒಂದು ಮಂತ್ರ ಕೇಳಿ ಅದು ಬಿದ್ದು ಸಾಯುತ್ತದೆ. ಅಕ್ಕ ತಮ್ಮನಾಗಿ ಇವರಿಬ್ಬರೇ ನಟಿಸುವವರು. ಮೃಗದ ವೇಷ ಹಾಕಲು ನನ್ನ ತಮ್ಮನ ಮಗನನ್ನು ಒಪ್ಪಿಸಿದ್ದರು. ಅವನು ನಲವತ್ತು ದಾಟಿದವನು, ಎತ್ತರದ ಆಳು, ಪವರ್‌ಲೂಮಿನಲ್ಲಿ ದುಡಿಯುವವನು. ನೂಲಿನ ಧೂಳು ಕುಡಿದು ಕುಡಿದು ಎದೆ ಕಟ್ಟಿದೆ. ಒಂದು ಮಹಡಿ ಹತ್ತಿದರೆ ಸಾಕು, ಉಸಿರು ಸಿಳ್ಳೆ ಹಾಕುತ್ತದೆ. ಆದರೆ ಈ ಮಕ್ಕಳು ಕೇಳಿದ್ದಕ್ಕೆ ಅವನು ಎಂದೂ ಇಲ್ಲವೆಂದವನಲ್ಲ.

"ಮಂತ್ರ ಆಟದ ಸಾಮಾನಲ್ಲ ಕಣಮ್ಮಾ" ಎಂದೆ.

"ತಂಬಿ ಒಂದು ಬರ್ದವ್ನೆ ತಾತಾ. ಅದ್ನ ಕೇಳ್ದ್ರೆ ಬೂತಾನೇ ನಗ್ತೈತೆ."

ಅವಳು ತಂಬಿ ಎನ್ನುವ ಅವಳ ತಮ್ಮ ಒಳಗಿನಿಂದ, "ನೀನ್ ಬರ್ದಿರೋ ಕತೆಗೆ ಅದೇ ಜಾಸ್ತಿ!" ಎಂದು ಕೂಗಿದ.

ನಾನು ಆಗಲೇ ಇಲ್ಲವೆಂದು ಮಾತು ಮುಗಿಸಬೇಕಿತ್ತು. ಮುಗಿಸದೆ ಹೋದದ್ದಕ್ಕೆ ಕಾರಣವಿದೆ. ನಮ್ಮದು ತಲೆಮಾರುಗಳ ಹಿಂದೆ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ಕೈಮಗ್ಗದ ಕುಲ, ಚೌಡೇಶ್ವರಿ ಅಮ್ಮನ ಒಕ್ಕಲು. ವಿಜಯದಶಮಿಯ ದಿನ ಕುಲದ ಗಂಡಸರು ಕೈಯಲ್ಲಿ ಅಲಗುಗಳನ್ನು ಹಿಡಿದು, ತಮ್ಮ ಎದೆಗೆ ಹೊಡೆದುಕೊಳ್ಳುತ್ತ ತಾಯಿಯನ್ನು ಗುಡಿಗೆ ಕರೆತರುತ್ತಾರೆ. ಅವರ ಮುಂದೆ ನಿಂತು ಅಮ್ಮನ ದಂಡಕವನ್ನು ಹೇಳುವ ಸೇವೆ ನನ್ನ ತಂದೆಯಿಂದ ನನಗೆ ಬಂದದ್ದು. ಸಾಲು ಸಾಲಾಗಿ ಒಂದೇ ಉಸಿರಿನಲ್ಲಿ ಹರಿಯಬೇಕಾದ ಸ್ತುತಿ ಅದು. ಅದು ಏರಿದಂತೆ ಅಲಗು ಹಿಡಿದವನಿಗೆ ಆವೇಶ ಏರುತ್ತದೆ, ಅದು ಮುಗಿದಾಗ ಇಳಿಯುತ್ತದೆ. ನಡುವೆ ನಿಲ್ಲಿಸಬಾರದು ಎಂಬುದು ಕಟ್ಟಳೆ. ನಿಲ್ಲಿಸಿದರೆ ಬಂದ ಶಕ್ತಿಗೆ ಇಳಿಯುವ ದಾರಿಯಿಲ್ಲದೆ ಅದು ಹೊತ್ತವನ ಪ್ರಾಣವನ್ನೇ ಕೇಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗೆ ಆದದ್ದನ್ನು ಕಂಡವರಿಲ್ಲ, ಏಕೆಂದರೆ ಯಾರೂ ನಿಲ್ಲಿಸಿಲ್ಲ.

ಈ ದಂಡಕವನ್ನು ನಾನು ನನ್ನ ಮಗನಿಗೆ ಕಲಿಸಲಾಗಲಿಲ್ಲ. ಮೊಮ್ಮಕ್ಕಳಿಗೆ ಕನ್ನಡದ ಅಕ್ಷರವೇ ಬಾರದು. ಅಂಥ ಮಕ್ಕಳು ತಾವಾಗಿ ಬಂದು ಕೇಳುತ್ತಿದ್ದಾರೆ. ಅವರ ಬಾಯಲ್ಲಿ ಒಮ್ಮೆಯಾದರೂ ಆ ಸಾಲುಗಳನ್ನು ಕೇಳಬೇಕೆಂಬ ಆಸೆ ನನ್ನ ವಿವೇಕವನ್ನು ಮೀರಿತು. ಅಮ್ಮ ಅಸುರರನ್ನು ಕೊಂದ ಕಥೆಯನ್ನೇ ದಂಡಕ ಹೇಳುವುದರಿಂದ, ಮೃಗವನ್ನು ಕೊಲ್ಲುವ ಆಟದಲ್ಲಿ ಅದನ್ನು ಹೇಳಿದರೆ ದೋಷವಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊಮ್ಮಗಳು ತಮಿಳು ಅಕ್ಷರಗಳಲ್ಲಿ ಬರೆದುಕೊಂಡಳು. ಅಲ್ಪಪ್ರಾಣ ಮಹಾಪ್ರಾಣಗಳು ಆ ಬರಹದಲ್ಲಿ ಒಂದಾಗಿ ಹೋದವು. ಆದ್ದರಿಂದ ನಾನು ಮರೆಯಲ್ಲಿ ನಿಂತು ಸಾಲು ಹೇಳಿಕೊಡುವುದು, ಅವರು ನನ್ನ ಹಿಂದೆ ಹೇಳುವುದು ಎಂದು ಗೊತ್ತಾಯಿತು.

ಇಷ್ಟೆಲ್ಲ ಯೋಚಿಸಿದವನು ಒಂದನ್ನು ಯೋಚಿಸಲಿಲ್ಲ. ಮೃಗದ ವೇಷದೊಳಗೆ ಇರುವವನು ಇಪ್ಪತ್ತು ವರ್ಷಗಳಿಂದ ನನ್ನ ದಂಡಕಕ್ಕೆ ಅಲಗು ಹಿಡಿಯುತ್ತ ಬಂದವನು.

ಒಂದು ಬೆಳಗ್ಗೆ ನಾಲ್ವರೂ ಬಸ್ಸಿನಲ್ಲಿ ಏರ್ಕಾಡಿಗೆ ಹೋದೆವು. ಪರಿಚಯದವರೊಬ್ಬರ ತೋಟದ ಅಂಚಿನಲ್ಲಿ ಕಾಫಿ ಒಣಗಿಸಿ ತುಂಬುತ್ತಿದ್ದ ಹಳೆಯ ಗೋದಾಮು. ಹಗಲನ್ನು ಇರುಳು ಮಾಡಲು ಮಕ್ಕಳು ಕಿಟಕಿಗಳಿಗೆ ಗೋಣಿಚೀಲ ಹೊಡೆದರು. ವೇಷವನ್ನೂ ಅವರೇ ಸಿದ್ಧಪಡಿಸಿದ್ದರು. ಹಳೆಯ ಹಾಸಿಗೆಯ ಫೋಮು, ಅದರ ಮೇಲೆ ಮೇಚೇರಿ ಸಂತೆಯಿಂದ ತಂದ ಮೇಕೆಯ ಚರ್ಮದ ತುಂಡುಗಳು, ತಲೆಗೆ ರಬ್ಬರಿನ ಮುಖವಾಡ. ಮುಖವಾಡದ ಬಾಯಲ್ಲಿ ಎರಡು ಬೆರಳು ತೂರುವಷ್ಟು ಸಂದು. ಗಾಳಿಗೆ ಅದೊಂದೇ ದಾರಿ.

ತಮ್ಮನ ಮಗ ಅದನ್ನು ತೊಟ್ಟು ಅತ್ತಿತ್ತ ನಡೆದಾಗ ಮೊಮ್ಮಗ ನಕ್ಕ.

"ಚಿಕ್ಕಪ್ಪಾ, ನೀವು ಬೂತ ತರ ಇಲ್ಲ, ನಮ್ಮ ಮನೆ ಸೋಫಾ ನಡ್ದಂಗೈತೆ."

"ಲೇ, ಸೋಫಾ ಮೇಲೆ ಕೂತ್ಕೊಂಡೇ ನೀನು ಕೆಟ್ಟೋಗಿರೋದು" ಎಂದು ಮುಖವಾಡದೊಳಗಿನಿಂದ ಉತ್ತರ ಬಂತು.

ಅಷ್ಟರಲ್ಲಿ ಬೆನ್ನಿನ ಜಿಪ್ಪು ಕಿತ್ತುಬಂತು. ಮೊಮ್ಮಗಳ ಮುಖ ಬಾಡಿತು. ನನ್ನ ಚೀಲದಲ್ಲಿ ಮಗ್ಗದ ಹಾಸಿನ ಗಟ್ಟಿ ನೂಲಿನ ಒಂದು ಸುತ್ತು ಸದಾ ಇರುತ್ತದೆ, ಹಳೆಯ ಅಭ್ಯಾಸ. ನಾನೇ ಮುಂದೆ ಬಂದು ನೂಲನ್ನು ಮಡಿಸಿ, ಬೆನ್ನಿನ ಎರಡು ಅಂಚುಗಳನ್ನು ಸೊಂಟದಿಂದ ಕುತ್ತಿಗೆಯವರೆಗೆ ಕಟ್ಟಿ, ಮುಖವಾಡವನ್ನೂ ಸೇರಿಸಿ ಬಿಗಿದೆ. ಕಣ್ಣು ಮಂಜಾದರೂ ಬೆರಳು ಮರೆತಿರಲಿಲ್ಲ. ಹಾಕಿದ್ದು ನೇಕಾರರ ಗಂಟು. ಮಗ್ಗದ ಎಳೆತಕ್ಕೆ ಜಾರಬಾರದೆಂದೇ ಕಲಿತ ಗಂಟು. ಅದನ್ನು ಯಾರೂ ಬಿಚ್ಚುವುದಿಲ್ಲ, ಕತ್ತರಿಸುತ್ತಾರೆ. ಕತ್ತರಿ ತಂದಿದ್ದೇವೆಯೇ ಎಂದು ನಾನು ಕೇಳಲಿಲ್ಲ.

"ಗಾಳಿ ಆಡ್ತೈತಾ ಮಗಾ?" ಎಂದಷ್ಟೇ ಕೇಳಿದೆ.

"ಆಡ್ತೈತೆ ದೊಡ್ಡಪ್ಪ. ಸೀಕ್ರಂ ಮುಗ್ಸ್‌ಬುಡಿ" ಎಂದ. ಬೇಗ ಮುಗಿಸಿ ಎಂದು ಅವನು ಹೇಳಿದ್ದು ಅದೊಂದೇ ಸಲ.

ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದರು. ಮೊಮ್ಮಗನ ಕೈಯಲ್ಲಿ ತಗಡಿನ ಕತ್ತಿ. ಅಕ್ಕ ತಮ್ಮ ಗೋಡೆಗೆ ಬೆನ್ನುಕೊಟ್ಟು ನಿಂತರು. ಎದುರಿನ ಕತ್ತಲಿನಿಂದ ಮೃಗ ಬಂತು. ನಾನು ಕಂಬದ ಮರೆಯಲ್ಲಿ ಕೈಮುಗಿದು ಮೊದಲ ಸಾಲನ್ನೆತ್ತಿದೆ. ಮಕ್ಕಳು ಹಿಂದೆ ಹೇಳಿದರು. ಉಚ್ಚಾರ ಅಲ್ಲಲ್ಲಿ ಮುರಿದರೂ ಲಯ ಎಲ್ಲಿಯೂ ತಪ್ಪಲಿಲ್ಲ. ಲಯವನ್ನು ನಾನು ಕಲಿಸಿರಲಿಲ್ಲ. ಹರ್ಷದಲ್ಲಿ ಎಂಥ ಸ್ಥಳದಲ್ಲಿದ್ದೇನೆಂಬುದನ್ನೂ ಮರೆತು ಧ್ವನಿಯನ್ನು ಏರಿಸಿದೆ, ಗುಡಿಯ ಮುಂದೆ ಏರಿಸುವ ಹಾಗೆಯೇ.

ಆಗ ಮೃಗದ ಎಡ ಹಿಮ್ಮಡಿ ನೆಲವನ್ನು ತಟ್ಟತೊಡಗಿತು.

ಆ ಹಿಮ್ಮಡಿಯನ್ನು ನಾನು ಬಲ್ಲೆ. ಪ್ರತಿ ವಿಜಯದಶಮಿಯಲ್ಲೂ ಅವನಿಗೆ ಆವೇಶ ಬರುವುದು ಅಲ್ಲಿಂದ. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ಎರಡೂ ಕೈ ಎದೆಗೆ. ಗುಡಿಯ ಮುಂದೆ ಅವನು ಬರಿಮೈಯಲ್ಲಿರುತ್ತಾನೆ, ಸುತ್ತ ಹಿಡಿದುಕೊಳ್ಳಲು ಜನವಿರುತ್ತಾರೆ, ಹಣೆಗೆ ಎದೆಗೆ ಹಚ್ಚಲು ಅಮ್ಮನ ಅರಿಶಿನದ ಭಂಡಾರವಿರುತ್ತದೆ. ಇಲ್ಲಿ ಅವನು ಮೇಕೆಯ ಚರ್ಮದಲ್ಲಿ, ನನ್ನ ಗಂಟುಗಳ ಒಳಗೆ, ಎರಡು ಬೆರಳಿನ ಸಂದಿನಲ್ಲಿ ಉಸಿರಾಡುತ್ತಿದ್ದಾನೆ.

ಇನ್ನೂ ಆರು ಸಾಲುಗಳಿದ್ದವು.

ಕೂಗಿ ನಿಲ್ಲಿಸಬಹುದಿತ್ತು. ಮಕ್ಕಳು ಓಡಿಬರುತ್ತಿದ್ದರು. ಆದರೆ ನಿಲ್ಲಿಸಿದರೆ ಮೈಮೇಲೆ ಬಂದ ತಾಯಿ ಎಲ್ಲಿಗೆ ಹೋಗಬೇಕು? ನಿಲ್ಲಿಸದಿದ್ದರೆ ಇವನ ಉಸಿರು ಎಷ್ಟು ಹೊತ್ತು ಬಾಳೀತು? ಎರಡಕ್ಕೂ ಶಾಸ್ತ್ರ ನನ್ನ ಬಳಿ ಇರಲಿಲ್ಲ, ಕಟ್ಟಳೆಯಿದ್ದದ್ದು ನಿಲ್ಲಿಸಬಾರದೆಂಬ ಒಂದಕ್ಕೇ. ನಾನು ಮುಂದಿನ ಸಾಲನ್ನು ಹೇಳಿದೆ.

ಮೃಗ ಮೊಣಕಾಲೂರಿತು. ಕೈಗಳು ಎದೆಗೆ ಬಡಿದವು. ಫೋಮು ದಬದಬ ಎಂದಿತು. ಮೊಮ್ಮಗ ಸಾಲಿನ ನಡುವೆಯೇ ಪಿಸುಗುಟ್ಟಿದ: "ಸೂಪರ್ ಚಿಕ್ಕಪ್ಪಾ, ಅಂಗೇ ಮಾಡಿ!" ಅವನ ಅಕ್ಕ ಕಣ್ಣಿನಲ್ಲೇ ಗದರಿಸಿ ಮುಂದಿನ ಸಾಲಿಗಾಗಿ ಕಂಬದ ಕಡೆಗೆ ಕಿವಿಗೊಟ್ಟಳು. ನಾನು ಹೇಳಿದೆ. ಮೃಗ ಮಗ್ಗುಲಿಗೆ ಉರುಳಿತು. ಸಿಳ್ಳೆಯಂಥ ಸದ್ದು ಸಂದಿನಿಂದ ಬರುತ್ತಿತ್ತು. ಅದು ಸಣ್ಣದಾಗುತ್ತ ಬಂತು. ಉಳಿದ ಸಾಲುಗಳನ್ನೂ ಹೇಳಿದೆ. ಫಲಶ್ರುತಿಯನ್ನೂ ಬಿಡಲಿಲ್ಲ.

ಮುಗಿದ ಕೂಡಲೇ ಕಿರುಚಿದೆ. "ಬಿಚ್ರಮ್ಮಾ ಅವನ್ನ! ಉಸ್ರು ಇಲ್ಲ ಅವನ್ಗೆ!"

ಮಕ್ಕಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಇಬ್ಬರೂ ಆ ಮೃಗದ ಮೇಲೆ ಬಿದ್ದರು. ಮೊಮ್ಮಗ ತಗಡಿನ ಕತ್ತಿಯನ್ನು ನೂಲಿಗೆ ಒತ್ತಿದ, ಕತ್ತಿ ಮಡಿಸಿಕೊಂಡಿತು. ಮೊಮ್ಮಗಳು ಹಲ್ಲಿನಿಂದ ಕಡಿಯಲು ನೋಡಿದಳು. ಮಡಿಸಿದ ಹಾಸಿನ ನೂಲು ಹಲ್ಲಿಗೆ ಬಗ್ಗುವಂಥದ್ದಲ್ಲ. ನಾನು ಗಂಟಿಗೆ ಉಗುರು ಹಾಕಿದೆ. ನಾನೇ ಹಾಕಿದ ಗಂಟು ನನ್ನ ಮಾತು ಕೇಳಲಿಲ್ಲ.

"ತಾತಾ, ಇದು ಯಾವ ಗಂಟು? ಎಂಗ್ ಬಿಚ್ಚೋದು? ಯೋಳಿ!"

"ಬಿಚ್ಚಾಕ್ ಆಗಲ್ಲಮ್ಮಾ."

ಮೊಮ್ಮಗ ಹೊರಗೋಡಿ, ತೋಟದ ಕಾವಲಿನವನನ್ನು ಕಾಫಿ ಗಿಡ ಸವರುವ ಕತ್ತಿಯೊಂದಿಗೆ ಎಳೆದುಕೊಂಡು ಬಂದ. ಅಷ್ಟು ಹೊತ್ತೂ ಅಕ್ಕ ಮುಖವಾಡದ ಸಂದಿಗೆ ಬೆರಳು ತುರುಕಿ ಅಗಲ ಹಿಡಿದು, "ಚಿಕ್ಕಪ್ಪಾ, ಉಸ್ರು ಬಿಡಿ, ಉಸ್ರು ಬಿಡಿ" ಎನ್ನುತ್ತಲೇ ಇದ್ದಳು. ನಾನು ಕೈ ಮುಗಿದುಕೊಂಡು ಕುಳಿತಿದ್ದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೂಲು ಹರಿದು, ಮುಖವಾಡ ಕಳಚಿದಾಗ ಅವನ ತುಟಿ ನೇರಳೆಯಾಗಿತ್ತು. ಕಾವಲಿನವನು ಎತ್ತಿ ಹೊರಗೆ ತಂದು ಸಿಲ್ವರ್ ಓಕ್ ಮರದಡಿ ಮಲಗಿಸಿದ. ನೀರು ಚಿಮುಕಿಸಿದೆವು. ಬಹಳ ಹೊತ್ತಿನ ಮೇಲೆ ಎದೆ ಏರಿತು, ಇಳಿಯಿತು, ಮತ್ತೆ ಏರಿತು.

ಕಣ್ಣು ತೆರೆದವನು ಕೇಳಿದ ಮೊದಲ ಮಾತು, "ದಂಡಕ ಮುಗೀತಾ ದೊಡ್ಡಪ್ಪ?"

"ಮುಗೀತು ಮಗಾ."

"ಅಂಗಾದ್ರೆ ಸರಿ" ಎಂದು ಮತ್ತೆ ಕಣ್ಣು ಮುಚ್ಚಿದ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮರುದಿನ ಕಳುಹಿಸಿದರು. ವೈದ್ಯರು ಆವೇಶದ ಮಾತನ್ನು ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ. ಇನ್ನು ಮೈ ದಣಿಸಬಾರದು, ಇನ್ನೊಮ್ಮೆ ಹೀಗಾದರೆ ಈ ಎದೆ ತಡೆಯದು ಎಂದರು. ಅವನು ಮಾತ್ರ ಮನೆಗೆ ಬಂದವರಿಗೆಲ್ಲ, ದೊಡ್ಡಪ್ಪ ನಡುವೆ ನಿಲ್ಲಿಸದಿದ್ದುದರಿಂದಲೇ ತಾನು ಉಳಿದದ್ದೆಂದು ಹೇಳಿಕೊಂಡು ನನ್ನ ಪಾದ ಮುಟ್ಟಿದ. ಆ ನಮಸ್ಕಾರವನ್ನು ತಡೆಯುವ ಶಕ್ತಿಯೂ ನನಗೆ ಬರಲಿಲ್ಲ.

ಕೆಲವು ದಿನಗಳ ಬಳಿಕ ಮಧ್ಯಾಹ್ನದ ಹೊತ್ತು ಮೊಮ್ಮಗಳು ಬಂದು ನನ್ನ ಪಕ್ಕ ಕುಳಿತಳು. ಚಿತ್ರವನ್ನು ಅವರು ಕೈಬಿಟ್ಟಿದ್ದರು. ಆದರೆ ಫೋನಿನಲ್ಲಿ ಅಂದಿನದೆಲ್ಲ ಉಳಿದಿತ್ತು. ನನ್ನ ಕಿವಿಗೆ ಇಯರ್‌ಫೋನ್ ಇಟ್ಟಳು.

ನನ್ನ ಧ್ವನಿ. ನಿಧಾನವಾಗಿ, ತುಂಬು ಕಂಠದಿಂದ ಸಾಗುತ್ತಿದ್ದದ್ದು ಒಂದೆಡೆ ಥಟ್ಟನೆ ವೇಗವಾಗುತ್ತದೆ. ಪದಗಳು ಒಂದರ ಮೇಲೊಂದು ಬೀಳುತ್ತವೆ.

"ಇದು ಚಿಕ್ಕಪ್ಪ ಮೊಣಕಾಲ್ ಊರೋಕ್ ಮುಂಚೆ" ಎಂದಳು. "ನಿಮ್ಗೆ ಆಗ್ಲೇ ಗೊತ್ತಾಗಿತ್ತಾ ತಾತಾ?"

"ಗೊತ್ತಾಗಿತ್ತಮ್ಮಾ."

"ಆಮೇಲೂ ಯೋಳಿದ್ರಾ?"

"ಯೋಳಿದೆ. ನಡೂಲಿ ನಿಲ್ಸ್‌ಬಾರ್ದು."

ಅವಳು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಳ್ಗೆ ಇದ್ದಿದ್ದು ತಂಬಿ ಆಗಿದ್ರೆ?"

ನಿಲ್ಲಿಸುತ್ತಿದ್ದೆ ಎಂದರೆ ನನ್ನ ತಮ್ಮನ ಮಗನಿಗೆ ಏನೆಂದು ಹೇಳಲಿ? ಆಗಲೂ ಮುಗಿಸುತ್ತಿದ್ದೆ ಎಂದರೆ ಇವಳು ನನ್ನ ಮುಖವನ್ನು ಹೇಗೆ ನೋಡಿಯಾಳು? ಅವಳು ಕಾದಳು. ಬೈಯುವಳೇನೋ ಎಂದುಕೊಂಡೆ; ಬೈಯಲಿಲ್ಲ. "ಪರವಾಯಿಲ್ಲ ತಾತಾ" ಎಂದು, ನನ್ನ ಕಿವಿಯಿಂದ ಇಯರ್‌ಫೋನನ್ನು ಮೆಲ್ಲನೆ ತೆಗೆದುಕೊಂಡು ಎದ್ದು ಹೋದಳು.

ನವರಾತ್ರಿ ಹತ್ತಿರವಾಗುತ್ತಿದೆ. ತಮ್ಮನ ಮಗ ಈ ವರ್ಷವೂ ಅಲಗು ಹಿಡಿಯುವೆನೆಂದು, ಕಂಕಣ ಕಟ್ಟಿಸಿಕೊಳ್ಳಲು ದಿನ ನೋಡಿಕೊಡಬೇಕೆಂದು ಎರಡು ಸಲ ಹೇಳಿಕಳಿಸಿದ್ದಾನೆ. ಪಂಚಾಂಗವನ್ನು ತೆಗೆದು ಮುಂದಿಟ್ಟುಕೊಳ್ಳುತ್ತೇನೆ. ಒಳ್ಳೆಯ ದಿನಗಳು ಬೇಕಾದಷ್ಟಿವೆ. ನಾನಿನ್ನೂ ಅವನಿಗೆ ಒಂದನ್ನೂ ಹೇಳಿಲ್ಲ.