ನೋಡದ ಸ್ಲ್ಯಾಬಿಗೆ ಸಹಿ

ಕಣ್ಣಾರೆ ನೋಡದ ಕಟ್ಟಡದ ನಕ್ಷೆಗೆ ಇಂಜಿನಿಯರ್ ಕೈಯಿಂದ ಸಹಿ ಹಾಕಿಸುವುದು ಅನ್ಯಾಯ, ಗೆಳೆಯರೇ. ಇವತ್ತು ನಕ್ಷೆ ಮಾಡುವ ನಮ್ಮ ಆಫೀಸಿನಲ್ಲೇ ಅದು ನಡೆಯುವುದರಲ್ಲಿತ್ತು.

ನಾವಿರುವ ಈ ಕೊಲ್ಲಿ ದೇಶದ ಅಲ್ ಅಜೀಜಿಯಾ ಬಡಾವಣೆಯಲ್ಲಿ ಹಳೆಯ ವಿಲ್ಲಾವೊಂದರ ತಾರಸಿಯ ಮೇಲೆ ಹೊಸ ಕೋಣೆ ಬರಬೇಕು. ಇಲ್ಲಿ ನಕ್ಷೆಗೆ ಸಹಿ ಹಾಕಲು ಡಿಗ್ರಿಯೊಂದೇ ಸಾಲದು, ಸರ್ಕಾರದ ಇಂಜಿನಿಯರುಗಳ ಸಮಿತಿಯ ಪರೀಕ್ಷೆ ಪಾಸಾಗಿ ನೋಂದಣಿಯಾಗಿರಬೇಕು. ನಮ್ಮಲ್ಲಿ ಅಂಥವರು ಉಡುಪಿಯ ಲವೀನಾ ಮೇಡಂ ಒಬ್ಬರೇ.

"ಒಂದು ಸಹಿ ಅಲ್ವಾ ಮೇಡಂ, ಯಲ್ಲಾ, ಬೇಗ ಹಾಕಿ ಖಲಾಸ್ ಮಾಡಿ," ಎಂದರು ಮ್ಯಾನೇಜರ್ ಶೆಟ್ಟರು.

"ತಾರಸಿಯ ಸ್ಲ್ಯಾಬ್ ಭಾರ ತಡೆಯುತ್ತದಾ ಅಂತ ನೋಡದೆ ಹೇಗೆ ಹಾಕುವುದು ಶೆಟ್ರೇ? ಅದರ ಕೆಳಗೆ ಮಕ್ಕಳು ಮಲಗುವ ಕೋಣೆ ಉಂಟು."

"ಹಾಗಾದ್ರೆ ನಾಳೆಯಿಂದ ಬರುವುದು ಬೇಡ."

ಊರಿನ ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಓದಿದ ಭಾಷಣವೆಲ್ಲ, ಪಕ್ಕದ ಮೇಜಿನಲ್ಲಿ ನಕ್ಷೆ ಬಿಡಿಸುತ್ತಿದ್ದ ನನ್ನ ನಾಲಿಗೆಯ ತುದಿಗೆ ಬಂತು. ಮೇಡಂ ಮಾತ್ರ ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು. ಅವರ ಮನೆಯವರೆಲ್ಲರ ವೀಸಾ ಈ ಕೆಲಸದ ಮೇಲೆಯೇ ನಿಂತಿದೆ.

"ಆಯ್ತು. ನಾನು ಬಿಟ್ಟೆ ಅಂತ ಸಮಿತಿಗೆ ತಿಳಿಸಿಬಿಡಿ. ನೋಂದಣಿ ಇದ್ದವರು ಇಲ್ಲದೆ ಆಫೀಸಿನ ಲೈಸೆನ್ಸ್ ಉಳಿಯುವುದಿಲ್ಲ, ಅದು ನಿಮಗೂ ಗೊತ್ತುಂಟು."

ಶೆಟ್ಟರು ಕುರ್ಚಿಯೊಂದನ್ನು ಅವರತ್ತ ಎಳೆದರು. "ಕೂತ್ಕೊಳ್ಳಿ ಮಾರಾಯ್ರೆ. ಡ್ರೈವರಿಗೆ ಹೇಳ್ತೇನೆ, ನಾಳೆ ಹೋಗಿ ನೋಡಿ ಬನ್ನಿ."

ದನಿ ಏರಿಸದೆ ಒಬ್ಬರು ಹೀಗೆ ನಿಂತದ್ದನ್ನು ನಾನು ಇದೇ ಮೊದಲು ಕಂಡದ್ದು. ನನ್ನ ಯಾವ ಕರಪತ್ರದಲ್ಲೂ ಇದು ಇರಲಿಲ್ಲ.

ನೋಂದಣಿ ಪರೀಕ್ಷೆಗೆ ಓದುವವರಿಗೆ ಕಲಿಸಲು ಮೇಡಂ ಒಪ್ಪಿದ್ದಾರೆ. ಕಲಿಯಲು ಶೆಟ್ಟರೂ ಹೆಸರು ಕೊಟ್ಟಿದ್ದಾರೆ. ಬರುವವರು ಶುಕ್ರವಾರ ಸಂಜೆ ಐದು ಗಂಟೆಗೆ, ಮನ್ಸೂರಾ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಸಿಗೋಣ.