ನೋವು ಇಳಿದ ಮೇಲೆ

ನಮ್ಮೂರು ಮಸೂತಿಯಲ್ಲಿ ನಮ್ಮಪ್ಪ ಚೇಳಿನ ಮಂತ್ರ ಹಾಕುತ್ತಿದ್ದ. ಅದಕ್ಕಾಗಿ ಯಾರಿಂದಲೂ ಎಲೆ ಅಡಿಕೆಯನ್ನೂ ತೆಗೆದುಕೊಂಡವನಲ್ಲ. ನಾನು ಸಿಂದಗಿಯಲ್ಲಿ ನರ್ಸ್. ರಜೆಗೆ ಊರಿಗೆ ಹೋದಾಗ ಮಂತ್ರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ, ಬೆಳಗಿನ ಹತ್ತರ ಸುಮಾರಿಗೆ, ಪಕ್ಕದ ಮನೆಯಾಕೆ ಏಳು ವರ್ಷದ ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಹುಡುಗಿ ಒಲೆಗೆ ಸೆಗಣಿಯ ಕುಳ್ಳು ತೆಗೆಯಲು ಹೋದಾಗ ಬೆರಳಿಗೆ ಚೇಳು ಕಡಿದಿತ್ತು. ಸಣ್ಣದು, ಕೆಂಪಗಿತ್ತು ಎಂದಳು. ಅಪ್ಪ ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ, ಬೇವಿನ ಟೊಂಗೆಯನ್ನು ಭುಜದಿಂದ ಬೆರಳಿನವರೆಗೆ ಇಳಿಸುತ್ತ ಬಾಯೊಳಗೇ ಮಂತ್ರ ಹೇಳಿದ. ಅರ್ಧ ತಾಸಿನಲ್ಲಿ ಅಳು ನಿಂತಿತು.

“ನೋವು ಎಲ್ಲೀತನಕ ಇಳೀತವಾ?”

“ಈಗ ಇಲ್ರಿ ಅಜ್ಜಾ.”

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾನು ಹುಡುಗಿಯ ಹಣೆ ನೋಡುತ್ತಿದ್ದೆ. ಬೆವರು ಸುರಿದು ಅಂಗಿ ಬೆನ್ನಿಗೆ ಅಂಟಿತ್ತು. ಮುಟ್ಟಿ ನೋಡಿದರೆ, ಅಂಥ ಬಿಸಿಲಿನಲ್ಲೂ ಪಾದಗಳು ಹೂಜಿಯ ಹಾಗೆ ತಣ್ಣಗಿದ್ದವು. ಅಷ್ಟರಲ್ಲಿ ವಾಂತಿಯಾಯಿತು.

“ಅಪ್ಪಾ, ಇಕಿನ್ನ ಈಗಿಂದೀಗ ದವಾಖಾನಿಗೆ ಒಯ್ಯಬೇಕು.”

“ನೋವು ಇಳದೈತಿ. ಮತ್ತ್ಯಾಕ?”

“ಅದಕ್ಕ ಹೆದರಾಕತ್ತೇನಿ. ಮೈ ತಣ್ಣಗಾಗಿ ನೋವು ಹೋದ್ರ, ವಿಷ ಎದಿಗೆ ಹತ್ತೇತಿ ಅಂತ ಅರ್ಥ.”

ತಾಯಿ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅವನು ಒಂದು ಮಾತು ಬೇಡ ಎಂದಿದ್ದರೆ ಆಕೆ ಮಗಳನ್ನು ಮನೆಗೆ ಕರೆದೊಯ್ಯುತ್ತಿದ್ದಳು. ಅಪ್ಪ ಹುಡುಗಿಯ ಅಂಗೈ ಹಿಡಿದು ನೋಡಿದ, ಆಮೇಲೆ ಪಾದ ಮುಟ್ಟಿದ. ಕೊನೆಗೆ ಟೊಂಗೆ ಕೆಳಗಿಟ್ಟು, “ಟಂಟಂ ಗಾಡಿ ತರಸ್ರಿ,” ಎಂದ. ತಾನೂ ಹತ್ತಿದ.

ಬಾಗೇವಾಡಿಯ ದವಾಖಾನೆಯ ದಾರಿಯುದ್ದಕ್ಕೂ ಹುಡುಗಿ ನನ್ನ ತೊಡೆಯ ಮೇಲಿದ್ದಳು. ನಾಡಿ ಎಣಿಸಲಾರದಷ್ಟು ಜೋರಾಗಿ ಓಡುತ್ತಿತ್ತು. ಅರ್ಧ ದಾರಿಯಲ್ಲಿ ಕೆಮ್ಮು ಹತ್ತಿತು, ತುಟಿಯ ಅಂಚಿನಲ್ಲಿ ನೊರೆ. ತಾಯಿ ದೇವರ ಹೆಸರು ಹೇಳುವುದನ್ನೂ ನಿಲ್ಲಿಸಿಬಿಟ್ಟಳು.

ಡಾಕ್ಟರು ಕಾಲು ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಕಡದು ಎಷ್ಟೊತ್ತಾತು?” ಗುಳಿಗೆ ನುಂಗಿಸಿ, ಆಕ್ಸಿಜನ್ ಹಚ್ಚಿ, ಚೇಳಿನ ವಿಷಕ್ಕಿರುವ ಇಂಜೆಕ್ಷನ್ ಶುರುಮಾಡಿದರು. “ಗುಳಿಗಿ ಬಿಪಿ ಇಳಸ್ತೈತಿ. ಎಬ್ಬಿಸಿ ಕೂಡಸಬ್ಯಾಡ್ರಿ,” ಎಂದು ಎಚ್ಚರಿಸಿದರು. ಮೂರು ತಾಸಿಗೊಮ್ಮೆ ಅದೇ ಗುಳಿಗೆ. ಸಂಜೆಯ ಹೊತ್ತಿಗೆ ಉಸಿರು ಹಗುರಾಯಿತು, ಪಾದಗಳು ಬೆಚ್ಚಗಾದವು. ಮರುದಿನ ಹುಡುಗಿ ಹಸಿವೆ ಎಂದಳು.

ಅಪ್ಪ ಅಲ್ಲಿಯವರೆಗೂ ಹೊರಗಿನ ಬೆಂಚು ಬಿಟ್ಟು ಕದಲಿರಲಿಲ್ಲ. ನಾನು ಚಹಾ ಒಯ್ದು ಕೊಟ್ಟೆ. ಕಪ್ಪು ಹಿಡಿದುಕೊಂಡೇ ಕೇಳಿದ:

“ನೋವು ಹೋತು ಅಂದಾವ್ರನ್ನೆಲ್ಲಾ ನಾ ಮನಿಗೆ ಕಳಸೇನಿ. ಅವರಾಗ ಯಾರ್ಯಾರ ಮೈ ಹಿಂಗ ತಣ್ಣಗಿತ್ತೋ ಏನೋ?”

ನಾನು ಅವನ ಪಕ್ಕದಲ್ಲಿ ಕೂತುಕೊಂಡೆ.