ಹುಲಿಗೆ ಬಡಿಸಿದ ಎಲೆ

ಸತ್ತವರು ಊಟಕ್ಕೆ ಕುಳಿತಿರುವಾಗ ಬಾಗಿಲು ತೆರೆಯಬಾರದು. ನಮ್ಮ ಕಡೆ ಇದು ಕಟ್ಟುನಿಟ್ಟು. ಕಳೆದ ಮಂಗಳವಾರ ಮಂಡೆಕೋಲಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಮನೆ ತುಂಬ ನೆಂಟರು ನೋಡುತ್ತಿರುವಾಗಲೇ ಆ ಬಾಗಿಲನ್ನು ದೂಡಿಕೊಂಡು ಒಳಗೆ ಹೋದರು. ಕೈಯಲ್ಲಿ ಸೌಟು ಬೇರೆ.

ಅವರು ನನ್ನ ಅತ್ತೆ. ಒಳಗೆ ಊಟಕ್ಕೆ ಕುಳಿತಿದ್ದವರು ಅವರ ಮಗ. ಎಂದರೆ, ನಮ್ಮ ಮನೆಯವರು.

ಹೌದು. ಎರಡು ವಾರ ನನ್ನ ಅಂಕಣದ ಈ ಜಾಗದಲ್ಲಿ ನೀವು ಇಲಿಗಳ ಕಾಟಕ್ಕೆ ಮದ್ದನ್ನೂ, ಹಲಸಿನ ಬೀಜ ಕೆಡದಂತೆ ಇಡುವ ಕ್ರಮವನ್ನೂ ಓದಿದ್ದು ಅದಕ್ಕೇ. (ಸಂಪಾದಕರೇ ಬರೆದದ್ದಂತೆ. ಇಲಿಯ ವಿಷಯ ಚೆನ್ನಾಗಿತ್ತು.) ಕಾಗದ ಬರೆದು ವಿಚಾರಿಸಿದವರಿಗೆಲ್ಲ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ. ಇದನ್ನೇ ಉತ್ತರ ಎಂದು ತಿಳಿಯಿರಿ.

ಅಳುವ ಮಾತು ಬರೆಯುವುದಿಲ್ಲ. ಇವರಿಗೆ ಅದು ಆಗುತ್ತಿರಲಿಲ್ಲ. ನನ್ನ ಅಂಕಣದಲ್ಲಿ ಎಲ್ಲಾದರೂ 'ಕಣ್ಣೀರು' ಎಂಬ ಶಬ್ದ ಕಂಡರೆ, "ಇಲ್ಲಿ ಸ್ವಲ್ಪ ಟರ್ಪೆಂಟೈನ್ ಹಾಕು, ಬಣ್ಣ ದಪ್ಪ ಆಯ್ತು" ಎನ್ನುತ್ತಿದ್ದರು.

ಕಬಕದಿಂದ ಪುತ್ತೂರಿಗೆ ಹೋಗುವ ದಾರಿಯಲ್ಲಿ ನೀವು ಓದುವ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಇವರ ಕೈಯವು. ಊರಿನವರು ಮಿಲ್ಟ್ರಿ ಪೈಂಟರ್ ಎಂದೇ ಕರೆಯುತ್ತಿದ್ದರು. ಒಂದು ಹೋಟೆಲಿನ ಬೋರ್ಡು ಬರೆಯುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಳಿತರು. ಮತ್ತೆ ಏಳಲಿಲ್ಲ. ಹೋಟೆಲಿನವರು ಬೋರ್ಡನ್ನು ಹಾಗೇ ತೂಗುಹಾಕಿದ್ದಾರೆ. 'ಇಡ್ಲಿ, ದೋಸೆ, ಬ' ಎಂದು ಉಂಟು. ಬೇರೆಯವರ ಕೈಯಲ್ಲಿ ಪೂರ್ತಿ ಮಾಡಿಸಿ ಎಂದೆ. "ಬೇಡ ಅಕ್ಕ, ಬನ್ಸ್ ಅಂತ ಎಲ್ಲರಿಗೂ ಗೊತ್ತುಂಟು" ಎಂದರು.

ಇವರು ಚಿತ್ರ ಬರೆಯಲು ಕಲಿತದ್ದು ಯಾರಿಂದ? ಯಾರಿಂದಲೂ ಅಲ್ಲ. ಮಂಡೆಕೋಲಿನ ಮನೆಯ ಬಚ್ಚಲಿನ ಗೋಡೆ, ಒಲೆಯ ಮಸಿ. ಅತ್ತೆ ಸುಣ್ಣ ಬಳಿಯುವುದು, ಇವರು ಬರೆಯುವುದು. ಹೀಗೆ ವರ್ಷಗಟ್ಟಲೆ ನಡೆಯಿತಂತೆ. ಹತ್ತೊಂಬತ್ತಕ್ಕೆ ಮಂಗಳೂರಿಗೆ ಹೋಗಿ ಮಿಲಿಟರಿಗೆ ಸೇರಿದರು. ಅಲ್ಲಿ ಏನು ಗೊತ್ತುಂಟು ಎಂದು ಕೇಳಿದಾಗ "ಚಿತ್ರ ಬರೆಯುದು" ಎಂದರಂತೆ. ಬಂದೂಕು ಕಲಿಸಿದ ಮೇಲೆ ಕೈಗೊಂದು ಬ್ರಶ್ಶನ್ನೂ ಕೊಟ್ಟರು. ಲಾರಿಗಳಿಗೆ ಬಣ್ಣ, ಲಾರಿಗಳಿಗೆ ನಂಬರು. ಭಾನುವಾರ ಮಾತ್ರ ದೇವರು. ಹನುಮಂತ ಬೇಕು ಎಂದವರಿಗೆ ಹನುಮಂತ, ಗುರುಗಳು ಬೇಕು ಎಂದ ಸರ್ದಾರ್ಜಿಗೆ ಗುರುಗಳು, ಕೇರಳದವರಿಗೆ ಏಸು. "ಎಲ್ಲ ದೇವರ ಕಣ್ಣಿಗೂ ಒಂದೇ ಬ್ರಶ್ಶು ಸಾಕು ಮಾರಾಯ್ತಿ, ಮೂರನೇ ನಂಬರಿಂದು" ಎಂದು ನನಗೆ ಹೇಳಿದ್ದರು. ಭಕ್ತಿಯ ಬಗ್ಗೆ ಅವರಾಡಿದ ಅತ್ಯಂತ ಉದ್ದದ ಭಾಷಣ ಇದೇ.

ಅತ್ತೆಗೆ ಓದಲು ಬಾರದು. ಆದ್ದರಿಂದ ಇವರು ಮನೆಗೆ ಕಾಗದ ಬರೆಯುತ್ತಿರಲಿಲ್ಲ, ಕಾಗದದ ತುಂಬ ಚಿತ್ರ ಬರೆಯುತ್ತಿದ್ದರು. ರೊಟ್ಟಿ ತಿನ್ನುವ ಇವರು. ಜ್ವರ ಬಂದು ಮಲಗಿದ ಇವರು. ಮರುತಿಂಗಳು ಎದ್ದು ನಿಂತ ಇವರು. ಅಂಚೆಯವ ಓದಿ ಹೇಳಬೇಕಾದ್ದೇ ಇಲ್ಲ. ಅತ್ತೆ ಅಡಿಕೆ ಸುಲಿಯುವ ಜಾಗದಲ್ಲಿ ಕಾಗದ ಹರಡಿ, "ಮಗ ಸಪೂರ ಆಗಿದ್ದಾನೆ" ಎನ್ನುವರು. (ಬರೆದದ್ದು ಪೆನ್ಸಿಲಿನ ನಾಲ್ಕು ಗೀಟು. ಅದರಲ್ಲಿ ಸಪೂರ ಯಾವುದು, ದಪ್ಪ ಯಾವುದು? ಆದರೆ ಅವರಿಗೆ ಕಾಣುತ್ತಿತ್ತು.)

ಚೀನಾದ ಯುದ್ಧದ ಆ ಚಳಿಗಾಲದಲ್ಲಿ ಚಿತ್ರ ಬರುವುದು ನಿಂತಿತು. ಒಂದು ತಿಂಗಳು. ಎರಡು ತಿಂಗಳು. ಅಷ್ಟರಲ್ಲಿ ನಾನು ಮದುವೆಯಾಗಿ ಬಂದು ಮೂರು ವರ್ಷ. ತೊಟ್ಟಿಲಲ್ಲಿ ಮಗಳು. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು ಬಿಚ್ಚಿದ್ದನ್ನೇ ಹೊಲಿಯುತ್ತಿದ್ದೆ, ಹೊಲಿದದ್ದನ್ನೇ ಬಿಚ್ಚುತ್ತಿದ್ದೆ. ಅತ್ತೆ ಒಂದು ಬೆಳಿಗ್ಗೆ ಮಿಂದು, ಅಂಗಳಕ್ಕೆ ಇಳಿದು, ಪುತ್ತೂರು ಪೇಟೆಯ ದೇವಿಯ ಗುಡಿ ಇರುವ ದಿಕ್ಕಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದರು: ನನ್ನ ಮಗ ಜೀವಸಹಿತ ಬಂದರೆ, ಮಾರ್ನೆಮಿಗೆ ಅವನಿಗೆ ಹುಲಿ ಹಾಕಿಸಿ ನಿನ್ನ ಎದುರು ಕುಣಿಸುತ್ತೇನೆ.

ನವರಾತ್ರಿಗೆ ಮೈಯೆಲ್ಲ ಬಣ್ಣ ಬಳಿದುಕೊಂಡು, ತಾಸೆ ಎಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವ ಹುಲಿವೇಷ ನಮ್ಮಲ್ಲಿ ಆಟವೂ ಹೌದು, ಹರಕೆಯೂ ಹೌದು. ಹರಕೆಯಾದರೆ ಯಾರ ಹೆಸರಲ್ಲಿ ಹೇಳಿದೆಯೋ ಅವರೇ ಹಾಕಬೇಕು. ಬದಲಿ ಆಗದು.

ಹದಿನೈದು ದಿನದಲ್ಲಿ ಚಿತ್ರ ಬಂತು! ಆಸ್ಪತ್ರೆಯ ಮಂಚ, ಮೇಲೆ ಇವರು, ಕಾಲಿಗೆ ಬೂಟು. ಮಂಚದ ಮೇಲೆ ಯಾರಾದರೂ ಬೂಟು ಹಾಕುತ್ತಾರೆಯೇ? ನಮಗೆ ಹೊಳೆಯಲೇ ಇಲ್ಲ. ಬಸ್ಸಿನಿಂದ ಇಳಿದ ದಿನವೇ ಗೊತ್ತಾದದ್ದು. ಹಿಮದಲ್ಲಿ ಎಡಗಾಲು ಮರಗಟ್ಟಿ, ಮೂರು ಬೆರಳು ಕತ್ತರಿಸಿದ್ದರು. ಚಿತ್ರದಲ್ಲಿ ಇವರು ಅಮ್ಮನಿಗೆ ಹೇಳಿದ ಸುಳ್ಳು ಅದೊಂದೇ.

ನಡೆಯುತ್ತಿದ್ದರು, ಸೈಕಲ್ ತುಳಿಯುತ್ತಿದ್ದರು. ಆದರೆ ಹುಲಿ ಕುಣಿಯುವುದು ಎಂದರೆ ಬೆರಳ ಮೇಲೆ ಭಾರ ಹಾಕಿ ಹಾರುವುದು. ಅದು ಸಾಧ್ಯವಿಲ್ಲ.

"ಹರಕೆ ಬಾಕಿ ಉಟ್ಟು" ಎಂದು ಅತ್ತೆ. (ನಮ್ಮ ಅರೆಭಾಷೆಯಲ್ಲಿ ಉಂಟು ಎನ್ನುವುದು ಹೀಗೆ. ಉಳಿದ ಮಾತನ್ನು ನಿಮಗಾಗಿ ಬದಲಿಸಿದ್ದೇನೆ.)

"ದೇವಿಗೆ ಡಿಸ್ಚಾರ್ಜ್ ಪೇಪರ್ ತೋರಿಸುವಾ ಅಮ್ಮ. ಮೆಡಿಕಲ್ ಅನ್‌ಫಿಟ್ ಅಂತ ಸೀಲು ಉಂಟು."

"ನಗಬೇಡ. ಹೇಳಿದ್ದು ನನ್ನ ಬಾಯಿ. ತಟ್ಟುದು ನಿನಗೆ."

ನಾವು ಕಬಕಕ್ಕೆ ಬಂದು ಬೋರ್ಡು ಬರೆಯುವ ಅಂಗಡಿ ಹಾಕಿದೆವು. ಇವರು ಕುಣಿಯುವ ಬದಲು ಪುತ್ತೂರಿನ ಹುಲಿಗಳಿಗೆ ಬಣ್ಣ ಬರೆಯಲು ನಿಂತರು. ಮೊದಲನೇ ವರ್ಷದ ಕತೆ ಪುತ್ತೂರಿನಲ್ಲಿ ಈಗಲೂ ಹೇಳಿ ನಗುತ್ತಾರೆ. ಎಂಟು ಜನ ಹುಲಿಗಳು ಮೈ ಬೋಳಿಸಿಕೊಂಡು, ಬಣ್ಣ ಮೈಗೆ ಮೈ ಅಂಟದ ಹಾಗೆ ಕೈ ಚಾಚಿ ಕೋಲು ಹಿಡಿದು ಸಾಲಾಗಿ ನಿಂತಿದ್ದರು. ಇವರಿಗೆ ಗೊತ್ತಿದ್ದದ್ದು ಲಾರಿ. ಲಾರಿಗೆ ಹಚ್ಚುವ ಎನಾಮಲ್ ತಂದು, ಲಾರಿಗೆ ಹಚ್ಚುವ ಹಾಗೆಯೇ ಎರಡು ಕೋಟು ಹೊಡೆದರು. ಏನು ಹೊಳಪು! ಅಂಥ ಹುಲಿಗಳನ್ನು ಪೇಟೆ ಕಂಡಿರಲಿಲ್ಲ. ಕುಣಿತ ಮುಗಿದು ಸೀಮೆಎಣ್ಣೆ ಹಾಕಿ ಉಜ್ಜಿದರೆ ಬಣ್ಣ ಬಿಡಬೇಕಲ್ಲ? ಬಿಡಲಿಲ್ಲ. ಮಿಲಿಟರಿ ಕೆಲಸ!

ಹುಲಿಗಳ ಮುಖಂಡ ಐತಪ್ಪಣ್ಣ ಬೆಳ್ಳಾರೆ ಬಸ್ಸಿನ ಕಂಡಕ್ಟರ್. ಹದಿನೆಂಟು ದಿನ ಹಳದಿ ಕೈಯಲ್ಲೇ ಟಿಕೆಟ್ ಹರಿದರು. ಕಡಬದಲ್ಲಿ ಹೆಣ್ಣು ನೋಡಲು ಹೋಗಬೇಕಿದ್ದ ಇನ್ನೊಂದು ಹುಲಿ, ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹೋದ. ಹೆಣ್ಣಿನ ಸೋದರಮಾವ ಅನುಮಾನದಿಂದ, "ಕಾಮಾಲೆ ಎಂತಾದ್ರೂ ಉಂಟಾ?" ಎಂದರು. ಹುಡುಗ ಮಫ್ಲರ್ ತೆಗೆದು ಕಪ್ಪು ಪಟ್ಟೆಯನ್ನೂ ತೋರಿಸಬೇಕಾಯಿತು. ಕಾಮಾಲೆಗೆ ಪಟ್ಟೆ ಇರುವುದಿಲ್ಲವಲ್ಲ. ಮದುವೆ ಆಯಿತು.

ಐತಪ್ಪಣ್ಣ ನಮ್ಮ ಅಂಗಡಿಗೆ ಬಂದು ಕೈ ಚಾಚಿ ನಿಂತದ್ದು ನನಗೆ ನೆನಪುಂಟು. "ಎಂತ ಮಾರಾಯ್ರೆ, ನನಗೆ ನಂಬರ್ ಪ್ಲೇಟ್ ಒಂದು ಬಾಕಿ. ಅದನ್ನೂ ಹೊಡೀರಿ."

ಇವರು ನಗಲಿಲ್ಲ. ನಾಚಿಕೆಯಾಗಿತ್ತು. ಮಿಲಿಟರಿಯಲ್ಲಿ ಒಂದು ಕ್ರಮ ಉಂಟಂತೆ. ಹೊಸ ಬಣ್ಣವನ್ನು ಮೊದಲು ಲಾರಿಯ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ಗೇಣು ಹಚ್ಚಿ ಮೂರು ದಿನ ನೋಡಬೇಕು. "ಅದನ್ನು ಮರೆತೆ. ಇನ್ನು ಮೊದಲು ನನ್ನ ಮೈಮೇಲೆ ನೋಡಿಯೇ ನಿಮಗೆ" ಎಂದರು.

ಮರುವರ್ಷದಿಂದ ಹಾಗೆಯೇ. ಮಾರ್ನೆಮಿಗೆ ಮೂರು ದಿನ ಇದೆ ಎನ್ನುವಾಗ ಸ್ಟೂಲಿನ ಮೇಲೆ ಕುಳಿತು, ಎಡಗಾಲನ್ನು ಮೊಣಕಾಲಿನ ಮೇಲೆ ಹಾಕಿಕೊಂಡು, ಬಣ್ಣ ಹಚ್ಚುತ್ತಿದ್ದರು. ಪರೀಕ್ಷೆಗೆ ಒಂದು ಗೀಟು ಹಚ್ಚಿ ಉಜ್ಜಿ ನೋಡಿದರೆ ಸಾಕಲ್ಲ? ಇವರಿಗೆ ಸಾಲದು. ಅರ್ಧ ಬರೆದು ಬಿಡುವ ಮನುಷ್ಯ ಅಲ್ಲ. ಹಳದಿ, ಕಪ್ಪು ಪಟ್ಟೆ, ಬಿಳಿ ಚುಕ್ಕೆ, ಉಳಿದ ಎರಡು ಬೆರಳಿಗೂ ಬಣ್ಣ. ಹಬ್ಬ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಅದನ್ನು ಉಜ್ಜುವ ಕೆಲಸ ನನ್ನದು. ಬೈಯುತ್ತಲೇ ಉಜ್ಜುತ್ತಿದ್ದೆ. ಪಾದ ಬಿಳಿಯಾಗುತ್ತಿತ್ತು. ಉಗುರಿನದ್ದು ಹೋಗುತ್ತಿರಲಿಲ್ಲ.

ಇನ್ನು ಮಂಗಳವಾರಕ್ಕೆ ಬರುತ್ತೇನೆ.

ಅಂದು ಬೊಜ್ಜ. ಹೋದವರಿಗೆ ಬಡಿಸಿ, ಹಿರಿಯರ ಜೊತೆ ಸೇರಿಸುವ ದಿನ. ಒಳಕೋಣೆಯಲ್ಲಿ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ. ಅನ್ನ, ಕಡುಬು, ಕೋಳಿ ಸಾರು, ಒಂದು ಲೋಟ ಕಡು ಚಹ. (ಕಾಗದದಲ್ಲಿ ಸುತ್ತಿದ ಬಾಟಲಿಯೂ ಒಂದು ಬಂತು. ಎಲ್ಲಿಂದ ಎಂದು ಕೇಳಬೇಡಿ.) ಆಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು. ಮನೆಯ ಹಿರಿಯರು ಬಾಗಿಲು ತಟ್ಟಿ ತೆರೆಯುವವರೆಗೆ ಮಾತಿಲ್ಲ.

ಆ ಮೌನದಲ್ಲಿ ಅತ್ತೆ ಹೇಳಿಬಿಟ್ಟರು: "ಅವ ಉಣ್ಣುದಿಲ್ಲ. ಹರಕೆ ಬಾಕಿ ಉಟ್ಟು."

ಇವರ ಚಿಕ್ಕಪ್ಪ, ಕ್ರಮ ಹೇಳಲು ನಿಂತವರು, "ಶ್!" ಎಂದರು.

"ಎಂತ ಶ್? ನಾನು ಹೇಳಿಕೊಂಡ ಹುಲಿ. ನಾನು ಹೋಗಬೇಕಾದಲ್ಲಿ ಅವ ಹೋದ. ನನ್ನ ಬಾಯಿಯಿಂದಲೇ ಹೋದ."

ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹದಿಮೂರು ದಿನ ಈ ಹೆಂಗಸು ಅನ್ನ ಮುಟ್ಟದೆ ಗಂಜಿ ನೀರು ಕುಡಿದು ಕುಳಿತದ್ದು ದುಃಖಕ್ಕೆ ಎಂದು ತಿಳಿದಿದ್ದೆ. ದುಃಖ ಮಾತ್ರ ಆಗಿರಲಿಲ್ಲ. ಮಗನನ್ನು ತಾನೇ ಕೊಂದೆ ಎಂದು ನಂಬಿದ್ದರು. ಅದನ್ನು ನಂಬಿಕೊಂಡು ಇನ್ನು ಎಷ್ಟು ದಿನ ಬದುಕಿಯಾರು?

ಐತಪ್ಪಣ್ಣ ಕೆಮ್ಮಿದರು. ಬಸ್ಸಿಗೆ ರಜೆ ಹಾಕಿ ಬಂದಿದ್ದರು. "ಅಮ್ಮ, ಮೈ ತೊಳೆಯುವಾಗ ನಾನು ಇದ್ದೆ. ಎಡಗಾಲಿನ ಎರಡು ಉಗುರಲ್ಲಿ ಹಳದಿ ಇತ್ತು. ಎಣ್ಣೆ ಹಾಕಿ ತಿಕ್ಕಿದೆ. ಹೋಗಲಿಲ್ಲ."

"ಎಂತ ಹಳದಿ?"

"ಹುಲಿದು. ಪ್ರತಿ ವರ್ಷ ಹಾಕ್ತಿದ್ರಲ್ಲ, ನಮಗೆ ಹಾಕುವ ಮೊದಲು. ನಿಮಗೆ ಗೊತ್ತಿಲ್ವಾ?"

ಅತ್ತೆ ನನ್ನ ಮುಖ ನೋಡಿದರು. ಅವರು ಮಂಡೆಕೋಲಿನಲ್ಲಿ, ನಾವು ಕಬಕದಲ್ಲಿ. ಮಾರ್ನೆಮಿ ಮುಗಿಸಿ ನಾವು ಊರಿಗೆ ಹೋಗುವಾಗ ಆ ಕಾಲು ತೊಳೆದಾಗಿರುತ್ತಿತ್ತು, ಉಗುರು ಕಾಲುಚೀಲದೊಳಗೆ ಇರುತ್ತಿತ್ತು. ತೊಳೆದವಳು ನಾನೇ.

"ಯಾವ ಕಾಲು? ಬೆರಳು ಹೋದ್ದಾ?"

"ಹೌದು ಅತ್ತೆ. ಅದೇ."

"ದೇವಿಯ ಎದುರು ನಿಂತನಾ?"

"ಎಂತ ಹೇಳ್ತೀರಿ!" ಎಂದರು ಐತಪ್ಪಣ್ಣ. "ಮೊದಲ ದಿನ ಹುಲಿಗಳನ್ನೆಲ್ಲ ಗುಡಿಗೆ ಕರ್ಕೊಂಡು ಹೋಗುದೇ ಅವರು. ಬೂಟು ಹೊರಗೆ. ನಮ್ಮೊಟ್ಟಿಗೆ ಸಾಲಲ್ಲಿ ನಿಲ್ತಿದ್ರು, ಬರಿಗಾಲಲ್ಲಿ."

ಅತ್ತೆ ಬಿಡುವವರಲ್ಲ. "ನಿಂತರೆ ಸಾಲದು. ಕುಣಿಸ್ತೇನೆ ಅಂತ ಹೇಳಿದ್ದು. ಕುಣಿದನಾ?"

ಐತಪ್ಪಣ್ಣ ನನ್ನ ಕಡೆ ತಿರುಗಿದರು. ಅವರು ಆಗ ಕುಣಿಯುತ್ತಿದ್ದವರು, ಅವರಿಗೆ ಹೇಗೆ ಕಾಣಬೇಕು? ನಾನು ಕಂಡಿದ್ದೆ. ಹುಲಿಗಳ ಚಡ್ಡಿ ಹರಿದರೆ ಅಲ್ಲೇ ಹೊಲಿಯಲು ಸೂಜಿ ದಾರ ಹಿಡಿದು ಪ್ರತಿ ವರ್ಷ ಗುಡಿಯ ಮೆಟ್ಟಿಲ ಬಳಿ ನಿಲ್ಲುತ್ತಿದ್ದೆ. ಇವರು ಕಂಬಕ್ಕೆ ಒರಗಿ ಕೈಕಟ್ಟಿ ನಿಂತಿರುತ್ತಿದ್ದರು, ಮೇಲಿನಿಂದ ನೋಡಿದರೆ ಕಾವಲಿನ ಸಿಪಾಯಿ. ಕೆಳಗೆ?

"ಕುಣಿತಿತ್ತು ಅತ್ತೆ" ಎಂದೆ. "ತಾಸೆಯ ಪೆಟ್ಟು ಬಿದ್ದ ಕೂಡಲೇ. ಆ ಎರಡು ಬೆರಳು ನಿಲ್ತಿರಲಿಲ್ಲ."

ಹರಕೆ ಎಂದು ತಿಳಿದೇ ಹಾಕುತ್ತಿದ್ದರೋ, ಬಣ್ಣದ ಪರೀಕ್ಷೆ ಮಾತ್ರವೋ? ನನಗೆ ಗೊತ್ತಿಲ್ಲ. ಕೇಳಲಿಲ್ಲ. ಇವರೂ ಹೇಳಲಿಲ್ಲ. ಒಂದೇ ಚೂರು ಬಣ್ಣ ಸಾಕಾಗುವ ಕಡೆ ಇಡೀ ಪಾದ ಏಕೆ ಬರೆದರು ಎಂದು ಈಗ ಕೇಳಿಕೊಳ್ಳುತ್ತೇನೆ, ಅಷ್ಟೆ. ಸೀಮೆಎಣ್ಣೆಯ ಬಟ್ಟೆ ಹಿಡಿದು ಬೈಯುತ್ತಾ ಕುಳಿತವಳಿಗೆ ಇದೆಲ್ಲ ಹೊಳೆಯುತ್ತದೆಯೇ? ನಾವು ದಿನಾ ಉಜ್ಜಿ ತೊಳೆಯುವುದರಲ್ಲಿ ಏನೇನು ಹೋಗುತ್ತದೋ.

ಅತ್ತೆಯ ಮುಖ ಒಮ್ಮೆಲೇ ಸಡಿಲವಾಯಿತು. "ಕಳ್ಳ" ಎಂದರು. "ಬೂಟು ಹಾಕಿ ಚಿತ್ರ ಕಳಿಸಿದವ ಅಲ್ವಾ! ಇದನ್ನು ಮಾತ್ರ ಹೇಳ್ತಾನಾ?" ಹದಿಮೂರು ದಿನಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ನಗುತ್ತಲೇ ಅಡಿಗೆಮನೆಗೆ ನಡೆದರು.

ಬಂದದ್ದು ಸೌಟು ಹಿಡಿದು. ಸೌಟಿನಲ್ಲಿ ಕೋಳಿಯ ಒಂದು ಇಡೀ ಕಾಲು. ನೇರ ಮುಚ್ಚಿದ ಬಾಗಿಲಿಗೆ.

"ಅತ್ತಿಗೆ, ಆಗದು! ಅವರು ಎಲೆಯ ಮುಂದೆ ಇರುವಾಗ ತೆರೆಯಬಾರದು!" ಎಂದು ಚಿಕ್ಕಪ್ಪ ಅಡ್ಡ ಬಂದರು.

ಅತ್ತೆ ಅವರನ್ನು ಮೊಣಕೈಯಿಂದ ಬದಿಗೆ ಸರಿಸಿ ಬಾಗಿಲು ದೂಡಿದರು.

"ನೀವು ಮನುಷ್ಯನಿಗೆ ಬಡಿಸಿದ್ದು. ಹುಲಿಗೆ ಅಷ್ಟು ಸಾಕಾ?"